ಪುಂಡಲೀಕನ ‘ಲೋ, ಬಾ’

ಅಮೆರಿಕದ ರಾಕ್‌ವಿಲ್‌ನಲ್ಲಿ ಡ್ರೈ ಕ್ಲೀನರ್ ಅಂಗಡಿಗೂ ಟೈರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದ ‘ಅನಂತ ವಿಲಾಸ’ದ ಮಾಲೀಕ ಪುಂಡಲೀಕನಿಗೆ ದೇವರು ಎರಡು ಆಸ್ತಿ ಕೊಟ್ಟಿದ್ದ. ಒಂದು ದೋಸೆ, ಇನ್ನೊಂದು ಗಂಟಲು. ದೋಸೆ ಎಷ್ಟು ಉದ್ದವೆಂದರೆ ಒಂದು ತುದಿಯನ್ನು ಮೇರಿಲ್ಯಾಂಡಿನಲ್ಲಿ ಮುರಿದರೆ ಇನ್ನೊಂದು ತುದಿಯನ್ನು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ಚಟ್ನಿಗೆ ಅದ್ದಬಹುದಿತ್ತು. ಗಂಟಲಿನ ವಿಷಯ ಕೇಳಲೇಬೇಡಿ. ಅವನು ಅಡಿಗೆಮನೆಗೆ ಒಂದು ಕೂಗು ಹಾಕಿದರೆ ಅತ್ತ ನಾನೂರು ಮೈಲಿಯಾಚೆಯ ಷಾರ್ಲೆಟ್‌ನಲ್ಲಿ ಕಾರುಗಳ ಅಲಾರಂ ಹೊಡೆದುಕೊಳ್ಳುತ್ತಿದ್ದವು.

ಹುಟ್ಟಿದ್ದು ಕುಂದಾಪುರದ ಕಡೆ. ಅಲ್ಲಿಯವರು ಬೈಗುಳಕ್ಕೂ ಒಂದು ‘ಮಾರಾಯ’ ಸೇರಿಸಿ ಮೆತ್ತಗೆ ಮಾಡಿ ಬಡಿಸುತ್ತಾರೆ. ಇವನು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಸಪ್ಲೈಯರ್ ಆಗಿ ಸವೆದು, ಮಾರಾಯನನ್ನು ಅಲ್ಲೇ ಬಿಟ್ಟು, ‘ಲೋ’ ಎತ್ತಿಕೊಂಡು ಅಮೆರಿಕಕ್ಕೆ ಬಂದಿದ್ದ. ಆ ‘ಲೋ’ ಬೀಳುತ್ತಿದ್ದದ್ದು ಹೆಂಡತಿ ಕುಸುಮಾವತಿಯ ತಮ್ಮ ಹರಿಪ್ರಸಾದನ ಮೇಲೆ. ದೋಸೆ ಹೊಯ್ಯುವವನು ಅವನೇ. ತಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ವಿಮಾನದಂತೆ ಮೊರೆಯುತ್ತಿದ್ದರೆ ಪಾಪ ಅವನಿಗೆ ಏನು ಕೇಳಬೇಕು? ಹಾಗಾಗಿ ದಿನವಿಡೀ “ಲೋ, ಬಾ! ಲೋ, ಬಾ!”

ಮೊದಲು ನಾವು ಕನ್ನಡಿಗರೇ ಗಿರಾಕಿಗಳು. ಒಂದು ಕಾಫಿ ಹೇಳಿ ನಾಲ್ಕು ಕುರ್ಚಿ ಹಿಡಿದರೆ, ಕನ್ನಡ ಸಂಘ ಒಡೆದು ಎರಡಾಗುವವರೆಗೆ ಏಳುತ್ತಿರಲಿಲ್ಲ. ಹೋಟೆಲು ಮುಚ್ಚುವುದರಲ್ಲಿತ್ತು. ಅಷ್ಟರಲ್ಲಿ ಬೀಗ ರಿಪೇರಿಗೆ ಬಂದ ಅಮ್ರಾಮ್ ಎಂಬ ಇಸ್ರೇಲಿನವನು ಒಲೆಯ ಹತ್ತಿರ ಮಾಂಸವಿರಲಿ, ಮೊಟ್ಟೆಯ ಸುಳಿವೂ ಇಲ್ಲದ್ದನ್ನು ಕಂಡು, “ಕೋಷರ್ ಸರ್ಟಿಫಿಕೇಟ್ ತಗೊಳ್ಳಿ ಸ್ವಾಮಿ, ನಮ್ಮ ಪ್ರಾರ್ಥನಾಮಂದಿರವೇ ಎದ್ದು ಇಲ್ಲಿಗೆ ಬರುತ್ತೆ” ಅಂದ.

ಕೋಷರ್ ಅಂದರೆ ಯೆಹೂದಿಗಳ ಮಡಿ. ಅವರ ಗುರು ರಬ್ಬಿ ಬಂದು ಹಿಟ್ಟು ಜರಡಿ ಹಿಡಿಸಿ, ಕೊತ್ತಂಬರಿಯ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ಹುಳ ಹುಡುಕಿದರು. ಕುಸುಮಾವತಿಗೆ ಕಣ್ಣಲ್ಲಿ ನೀರು. “ನಮ್ಮತ್ತೆ ಹೋದ ಮೇಲೆ ಇಂಥ ಮಡಿ ನೋಡಿರಲಿಲ್ಲ ನೋಡಿ” ಅಂದಳು. ಅವರ ಪಸ್ಕ ಹಬ್ಬದಲ್ಲಿ ಪೋಲೆಂಡ್ ಮೂಲದವರಿಗೆ ಅಕ್ಕಿ-ಬೇಳೆ ನಿಷಿದ್ಧ, ಮೊರಾಕೊ ಮೂಲದವರಿಗೆ ನಡೆಯುತ್ತೆ, ಅದಕ್ಕೊಂದು ಜಗಳ ಎಂದು ಕೇಳಿದಾಗಂತೂ, “ನಮ್ಮ ಚಾತುರ್ಮಾಸ್ಯದ ಬೇಳೆ ಬಿಡೋ ವ್ರತವೇ!” ಎಂದು ಸಂಬಂಧವನ್ನೇ ಬೆಳೆಸಿಬಿಟ್ಟಳು. ಸರ್ಟಿಫಿಕೇಟ್ ಗೋಡೆಗೇರಿತು, ಹೋಟೆಲು ತುಂಬಿತು.

ತೊಂಬತ್ತೇಳರ ಬೇಸಿಗೆ. ಇಸ್ರೇಲಿನಲ್ಲಿ ಹೊಸ ಕಾನೂನಿನ ಗದ್ದಲ: ಹೊರಗಿನವರು ಯೆಹೂದಿಗಳಾಗಬೇಕಾದರೆ ಸಂಪ್ರದಾಯಸ್ಥ ರಬ್ಬಿಗಳ ಕೈಯಿಂದಲೇ ಆಗಬೇಕು, ಉಳಿದವರು ಮಾಡಿಸಿದ್ದು ಲೆಕ್ಕಕ್ಕಿಲ್ಲ. ಅಮ್ರಾಮ್ ಕಾನೂನಿನ ಪರ. ಇನ್ನೊಬ್ಬ ಇಸ್ರೇಲಿ ಗಿರಾಕಿ, ಟೆಲಿಕಾಂ ಇಂಜಿನಿಯರ್ ಗಿಡೋನ್ ಅದಕ್ಕೆ ವಿರುದ್ಧ. ಅವನ ಹೆಂಡತಿ ರಿಚ್‌ಮಂಡ್‌ನವಳು, ಸುಧಾರಣಾವಾದಿ ರಬ್ಬಿಯಿಂದ ಯೆಹೂದಿಯಾದವಳು. ಕಾನೂನು ಬಂದರೆ ಅವಳು ಇಸ್ರೇಲಿನ ಪಾಲಿಗೆ ಬರೀ ರಿಚ್‌ಮಂಡ್‌ನವಳು.

ಇಸ್ರೇಲಿನ ಪಾರ್ಲಿಮೆಂಟಿನ ಸದಸ್ಯರೊಬ್ಬರು ವಾಷಿಂಗ್‌ಟನ್ನಿಗೆ ಬಂದಿದ್ದರು. ಭಾನುವಾರ ಎರಡೂ ಪಂಗಡ ರಾಯಭಾರ ಕಚೇರಿಯ ಎದುರು ಬೋರ್ಡು ಹಿಡಿದು ಅರಚಿದವು. ಅರಚಿದ ಮೇಲೆ ಹಸಿವು, ಹಸಿವಿಗೆ ಪಂಗಡವಿಲ್ಲ. ಸದಸ್ಯರೇ ಅನಂತ ವಿಲಾಸಕ್ಕೆ ಬಂದು ಇಬ್ಬರ ಅಹವಾಲನ್ನೂ ಕೇಳುವುದೆಂದು ತೀರ್ಮಾನವಾಯಿತು. ರಬ್ಬಿ ಪುಂಡಲೀಕನಿಗೆ ಫೋನ್ ಮಾಡಿ, “ಊಟ ಹಾಕು, ಬೇಡ ಅನ್ನಲ್ಲ. ಒಂದು ಕುರ್ಚಿ ಮೇಲೆದ್ದರೆ ಸರ್ಟಿಫಿಕೇಟೂ ಗೋಡೆಯಿಂದ ಎದ್ದಿತು ಅಂತ ತಿಳಿ” ಅಂದರು.

ಪುಂಡಲೀಕ ಬೆವರಿದ. ಸರ್ಟಿಫಿಕೇಟ್ ಹೋದರೆ ಉಳಿಯುವುದು ಮತ್ತೆ ನಾವೇ, ನಮ್ಮ ಒಂದು ಕಾಫಿಯೇ! ಕಾನೂನಿನ ಪರವಿದ್ದ ಬಲಪಂಥದವರನ್ನು ಬಲಕ್ಕೆ, ವಿರುದ್ಧವಿದ್ದ ಎಡಪಂಥದವರನ್ನು ಎಡಕ್ಕೆ ಕೂರಿಸಿದ. ಆದರೆ ಅವರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಲು ತಿರುಗಿ ಕೂತಿದ್ದೇ ಎಡ ಯಾವುದು, ಬಲ ಯಾವುದು, ಅವನಿಗೇ ತಿಳಿಯದಾಯಿತು.

“ಮೊರಾಕೊದಿಂದ ಬಂದ ನಮ್ಮಪ್ಪ ಇಸ್ರೇಲಿನಲ್ಲಿ ಹಡಗಿನಿಂದ ಇಳಿದಾಗ ತಲೆಗೆ ಡಿಡಿಟಿ ಹೊಡೆದು ಮರಳುಗಾಡಿನ ಡೇರೆಗೆ ತಳ್ಳಿದರು. ಪೋಲೆಂಡಿನಿಂದ ಬಂದ ನಿಮ್ಮಪ್ಪನಿಗೆ ಸಮುದ್ರದ ಗಾಳಿ ಬರೋ ಫ್ಲ್ಯಾಟು!” ಎಂದ ಅಮ್ರಾಮ್.

“ನಮ್ಮ ಹುಡುಗರು ಸೈನ್ಯಕ್ಕೆ, ನಿಮ್ಮ ಗುರುಗಳ ಹುಡುಗರು ಸೈನ್ಯ ತಪ್ಪಿಸಿಕೊಂಡು ಧರ್ಮದ ಪಾಠಶಾಲೆಗೆ! ಅವರು ನನ್ನ ಹೆಂಡತಿ ಯಾರು ಅಂತ ತೀರ್ಮಾನ ಮಾಡಬೇಕಾ?” ಎಂದ ಗಿಡೋನ್.

ಕುರ್ಚಿಗಳು ಕಿರುಗುಟ್ಟಿದವು. ಇನ್ನು ದೋಸೆಯಿಂದಲೇ ಬಾಯಿ ಮುಚ್ಚಿಸಬೇಕು ಎಂದುಕೊಂಡ ಪುಂಡಲೀಕ ಅಡಿಗೆಮನೆಯತ್ತ ತಿರುಗಿದ. ಸರಿಯಾಗಿ ಅದೇ ಗಳಿಗೆಗೆ ಯಾರೋ ಸದಸ್ಯರ ದಾರಿ ಕಾದು ಬೇಸತ್ತು ಹೀಬ್ರೂವಿನಲ್ಲಿ ಕೇಳಿದರು: “ಹು ಬಾ?” ಅಂದರೆ, ಅವನು ಬರುತ್ತಾನಾ?

“ಲೋ, ಬಾ!” ಎಂದು ಗುಡುಗಿದ ಪುಂಡಲೀಕ.

ನೋಡಿ ಗ್ರಹಚಾರ. ಹೀಬ್ರೂವಿನಲ್ಲಿ ‘ಲೋ’ ಅಂದರೆ ಇಲ್ಲ, ‘ಬಾ’ ಅಂದರೆ ಬರುತ್ತಾನೆ. ಲೋ ಬಾ: ಬರೋದಿಲ್ಲ.

ಎಲ್ಲ ಮುಖಗಳೂ ಪುಂಡಲೀಕನತ್ತ ತಿರುಗಿದವು. “ಬರಲ್ವಂತಾ?”

ದೋಸೆ ಬಾರದ್ದಕ್ಕೇ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂದುಕೊಂಡ ಪುಂಡಲೀಕ ಮತ್ತೆ ಅಡಿಗೆಮನೆಗೆ ಕೂಗಿದ. “ಲೋ ಬಾ! ಲೋ ಬಾ! ಲೋ ಬಾ!” ಪೊಟೋಮ್ಯಾಕ್ ನದಿ ಒಂದು ಕ್ಷಣ ಹಿಂದಕ್ಕೆ ಹರಿಯಿತೆಂದು ಹೇಳುವವರಿದ್ದಾರೆ. ನಾನು ನೋಡಿಲ್ಲ.

“ನಮ್ಮನ್ನು ಏನಂದುಕೊಂಡಿದ್ದಾನೆ!” ಎಂದ ಅಮ್ರಾಮ್.

“ನಿಮ್ಮನ್ನಲ್ಲ, ನಮ್ಮನ್ನು!” ಎಂದ ಗಿಡೋನ್.

“ಇಬ್ಬರನ್ನೂ!” ಎಂದು ಮೂಲೆಯಿಂದ ಯಾರೋ ಕೂಗಿದರು. ಆ ಮಾತು ಇಬ್ಬರಿಗೂ ಒಪ್ಪಿಗೆಯಾಯಿತು. ಎಡ, ಬಲ, ಮೊರಾಕೊ, ಪೋಲೆಂಡ್ ಎಲ್ಲ ಒಂದೇ ಬಾಗಿಲಿನಿಂದ ಪಾರ್ಕಿಂಗ್ ಲಾಟಿಗೆ ನುಗ್ಗಿ, ಒಂದೇ ಘೋಷಣೆ ಹಿಡಿದವು. ಅಷ್ಟರಲ್ಲಿ ಸದಸ್ಯರ ಕಪ್ಪು ಕಾರು ಬಂತು. ಎರಡು ಗುಂಪು ಕಚ್ಚಾಡುವುದನ್ನು ನಿರೀಕ್ಷಿಸಿದ್ದ ಮನುಷ್ಯ, ಇಸ್ರೇಲಿನ ಜನ ಒಗ್ಗಟ್ಟಾಗಿ ನಿಂತದ್ದನ್ನು ಜೀವಮಾನದಲ್ಲೇ ಮೊದಲ ಸಲ ಕಂಡು ಹೆದರಿರಬೇಕು. ಕಾರು ಟೈರ್ ಅಂಗಡಿಯ ಮುಂದೆ ತಿರುಗಿ, ಬಂದದ್ದಕ್ಕಿಂತ ಜೋರಾಗಿ ಹೋಯಿತು.

ಗೆದ್ದವರೆಲ್ಲ ಒಳಗೆ ಬಂದು ಸಿಕ್ಕಿದ ಕುರ್ಚಿಯಲ್ಲಿ ಕಲಸಿಕೊಂಡು ಕೂತು ದೋಸೆ ಮುರಿದರು. ಅಮ್ರಾಮ್, ಗಿಡೋನ್ ಇಬ್ಬರೂ ಕೌಂಟರಿಗೆ ಬಂದರು.

“ಅವನು ಬರಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು ಪುಂಡಲೀಕ? ಫೋನ್ ಬಂದಿತ್ತಾ?”

ಪುಂಡಲೀಕನಿಗೆ ತಲೆಬುಡ ತಿಳಿಯಲಿಲ್ಲ. ಕುಸುಮಾವತಿ ಮುಂದೆ ಬಂದಳು. “ಬರಲ್ಲ ಅಂತ ಇವರು ಯಾವಾಗ ಅಂದರು? ಇವರು ನನ್ನ ತಮ್ಮನನ್ನು ಬಾರೋ ಅಂತ ಕರೆದದ್ದಲ್ವಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಜನಕ್ಕೆ ಹೇಳಿದರೆ?” ಎಂದ ಗಿಡೋನ್.

“ತಪ್ಪು ಕೇಳಿಸಿಕೊಂಡವರು ಮೊರಾಕೊದವರಾ, ಪೋಲೆಂಡಿನವರಾ ಅಂತ ಶುರುವಾಗುತ್ತೆ. ದೋಸೆ ತಿನ್ನು” ಎಂದ ಅಮ್ರಾಮ್.

ಅಷ್ಟರಲ್ಲಿ ಬಾಗಿಲಲ್ಲಿ ರಬ್ಬಿ. ಪಾರ್ಕಿಂಗ್ ಲಾಟಿನ ಸುದ್ದಿ ಮುಟ್ಟಿತ್ತು. ನೇರ ಗೋಡೆಯ ಹತ್ತಿರ ಹೋಗಿ ಸರ್ಟಿಫಿಕೇಟಿನ ಚೌಕಟ್ಟಿಗೆ ಕೈ ಹಾಕಿದರು. ಪುಂಡಲೀಕನ ಆ ಮಹಾಗಂಟಲಿನಿಂದ ಉಸಿರೂ ಹೊರಡಲಿಲ್ಲ. ರಬ್ಬಿ ತಿರುಗಿ, “ಇಲ್ಲಿ, ಈ ಗೋಡೆಗಳ ಒಳಗೆ, ಜಗಳ ಆಯಿತಾ?” ಎಂದು ಕೇಳಿದರು.

ಬಲವೂ ಎಡವೂ ಒಟ್ಟಿಗೆ ಬಾಯಿ ತೆರೆದವು. “ಲೋ!”

ರಬ್ಬಿಯ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಆದರೆ ಅಡಿಗೆಮನೆಯಲ್ಲಿ ದೋಸೆಹಿಟ್ಟು ಮುಗಿದು ಫ್ಯಾನು ನಿಂತಿತ್ತು, ಆ ‘ಲೋ’ ಈಗ ಒಳಗೂ ಕೇಳಿಸಿತು. ಸಂಜೆಯೆಲ್ಲ ಭಾವನ ಗುಡುಗಿಗೆ ಅಲುಗದ ಹರಿಪ್ರಸಾದ ಸಟ್ಟುಗ ಹಿಡಿದು ಓಡಿಬಂದು ರಬ್ಬಿಯ ಮುಂದೆ ನಿಂತ.

“ಕರೆದ್ಯಾ ಭಾವ? ಕಿಟಕಿಯಲ್ಲಿ ಕಂಡೆ, ಹೊರಗೆ ಆಗ ಅದೇನು ಗಲಾಟೆ? ಒಳಗೆ ಯಾರ್ಯಾರು ಜಗಳಾ...”

ಪುಂಡಲೀಕ ಅವನ ಹೆಗಲ ಮೇಲೆ ಕೈಯಿಟ್ಟು, ಕುಂದಾಪುರ ಬಿಟ್ಟ ಮೇಲೆ ಮೊದಲ ಬಾರಿಗೆ, ಬೆಣ್ಣೆ ಸವರಿದ ದನಿಯಲ್ಲಿ ಹೇಳಿದ: “ಏನೂ ಇಲ್ಲ ಮಾರಾಯ. ಒಳಗೆ ಹೋಗು.”