ಅಂಜಿನಪ್ಪ ಬ್ಯಾಡ ಎಂದ ತುಂಡು

ಹರಿಹರದ ಫೌಂಡ್ರಿಯಲ್ಲಿ ಅಂಜಿನಪ್ಪನ ಕೆಲಸ ಇಷ್ಟೇ: ಬಸ್ಸಿನ ಬ್ರೇಕಿಗೆ ಹೋಗುವ ಎರಕದ ತುಂಡುಗಳನ್ನು ಸುತ್ತಿಗೆಯಿಂದ ತಟ್ಟಿ ಕೇಳುವುದು. ಠಣ್ಣೆಂದರೆ ಗಟ್ಟಿ, ಒಡಕು ಸದ್ದು ಬಂದರೆ ಒಳಗೆ ಬಿರುಕು. ಸಂತೆಯಲ್ಲಿ ಮಡಕೆ ಬಡಿದು ನೋಡುವ ಹೆಂಗಸರ ವಿದ್ಯೆಯೇ ಅನ್ನಿ. ಆದರೆ ಇಪ್ಪತ್ತಾರು ವರ್ಷ, ಅವನು ‘ಬ್ಯಾಡ’ ಎಂದ ತುಂಡನ್ನು ಮಾಲೀಕನೂ ಲಾರಿ ಹತ್ತಿಸಿದ್ದಿಲ್ಲ.

ಯುಗಾದಿ ಕಳೆದ ಮೇಲೆ ರೋಬೋಟ್ ಬಂತು. ಒಂದೇ ಕೈ, ಅದರ ತುದಿಗೆ ಸುತ್ತಿಗೆ, ಪಕ್ಕದಲ್ಲಿ ಮೈಕು. ಇಂಜಿನಿಯರ್ ನಯನಾ ಹೇಳಿದಳು: “ಅಂಜಿನಪ್ಪಾರೆ, ಅದು ಬಡಿತೈತೆ. ನೀವು ಕೇಳಿ, ಗಟ್ಟಿ ಇದ್ರೆ ಹಸಿರು ಬಟನ್, ಬಿರುಕಿದ್ರೆ ಕೆಂಪು ಬಟನ್ ಒತ್ರಿ. ನಿಮ್ಮಿಂದನ ಅದು ಕಲೀಬೇಕು.”

ನಿನ್ನ ಗುಂಡಿ ನೀನೇ ತೋಡಿಕೋ ಎಂದಂತಾಯಿತು. ಅಂಜಿನಪ್ಪನ ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು, ಕಿವಿ ಬಿಟ್ಟರೆ ಬೇರೆ ಬಂಡವಾಳವಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ರಂಗವ್ವ, “ದೆವ್ವ ಹಿಡಿದ್ರೆ ಉಕ್ಕಡಗಾತ್ರಿ ಗುಡಿಗೆ ಕರ್ಕಂಡು ಹೋಗಬೌದು. ದೆವ್ವಾನೇ ಡ್ಯೂಟಿಗೆ ಬಂದ್ರೆ ಏನ್ ಮಾಡಾದು?” ಎಂದು ನಗಿಸಲು ನೋಡಿದಳು. ಅವನಿಗೆ ನಗು ಬರಲಿಲ್ಲ.

ಮೂರು ತಿಂಗಳು ನಿಯತ್ತಾಗಿ ಒತ್ತಿದ. ಆಮೇಲೊಂದು ದಿನ ಬುದ್ಧಿ ಕೆಟ್ಟಿತು ನೋಡಿ. ಸುಳ್ಳು ಕಲಿಸಿದರೆ ಈ ದರಿದ್ರದ್ದು ದಡ್ಡಾಗಿಯೇ ಉಳಿದೀತು, ಆಗ ನನ್ನನ್ನೇ ಕರೆದಾರು ಎಂದುಕೊಂಡ. ಒಡಕು ಸದ್ದಿನ ತುಂಡು ಬಂದಾಗ, ಹಸಿರು ಒತ್ತಿದ.

ಯಂತ್ರದ ನೆತ್ತಿಯ ಮೇಲೆ ಕೆಂಪು ದೀಪ ಹತ್ತಿತು. ನಯನಾ ಓಡಿ ಬಂದಳು. ತುಂಡನ್ನು ಕೊಯ್ಯಿಸಿ ನೋಡಿದರೆ ಒಳಗೆ ಕೂದಲೆಳೆಯಂಥ ಬಿರುಕು.

“ಮೂರು ತಿಂಗಳು ಕಲಿತೈತಲ್ರಿ, ಇವತ್ತಿಂದ ಅದೂ ತಾನೇ ಕೇಳಿ ದೀಪ ಹಚ್ತೈತ್ರಿ. ಯಾಕಣ್ಣ, ನಿಮಗೆ ಕೇಳಿಸ್ಲಿಲ್ಲೇನು?” ನಯನಾಳ ದನಿಯಲ್ಲಿ ಕನಿಕರವಿತ್ತು.

ಕೇಳಿಸಿತು ಎಂದರೆ ಮೋಸಗಾರ, ಇಲ್ಲವೆಂದರೆ ಕಿವುಡ. ಅಯ್ಯೋ ಶಿವನೇ, ಎರಡರಲ್ಲಿ ಯಾವುದನ್ನು ನುಂಗಲಿ? ಮೋಸಗಾರನನ್ನು ಅಂದೇ ಗೇಟಿನಾಚೆ ಹಾಕುತ್ತಾರೆ.

“ಇಲ್ಲವ್ವ, ಕೇಳಿಸ್ಲಿಲ್ಲ,” ಎಂದ.

ಅವಳು ಕಂಪ್ಯೂಟರಿನಲ್ಲಿ ಅದನ್ನೇ ಬರೆದುಕೊಂಡು, ತೀರ್ಮಾನವನ್ನೆಲ್ಲ ಯಂತ್ರಕ್ಕೆ ಬಿಟ್ಟಳು. ಅದು ಒಂದೊಂದನ್ನೇ ಬಡಿಯುತ್ತ ಹೋಯಿತು. ಠಣ್. ಠಣ್. ಮೂರನೆಯದು ಒಡಕು. ಅಂಜಿನಪ್ಪನಿಗೆ ನಿಚ್ಚಳವಾಗಿ ಕೇಳಿಸಿತು. ಯಂತ್ರದ ಮೇಲೆ ಹಸಿರು ದೀಪ.

“ಅವ್ವಾ, ಅದು ಬ್ಯಾಡ! ಒಡದೈತೆ ಅದು!”

“ನೀವು ಕೂಡ್ರಿ ಅಣ್ಣ,” ನಯನಾ ಅವನ ಹೆಗಲು ಮುಟ್ಟಿದಳು. “ನಾಳೆ ದಾವಣಗೆರೆಗೆ ಹೋಗಿ ಕಿವಿ ತೋರಿಸ್ಕಂಡು ಬರಾಣ.”

ಅಂಜಿನಪ್ಪ ಬ್ಯಾಡ ಎಂದ ತುಂಡು ಮೊದಲ ಸಲ ಲಾರಿ ಹತ್ತಿತು.