ಹದಿನಾಲ್ಕನೆಯ ಗೆರೆ

ಆ ಬುಧವಾರ ಬೆಳಿಗ್ಗೆ ವೀರಣ್ಣನ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ಪಕ್ಕದ ಮನೆಯ ಶೇಷಾದ್ರಿ ತನ್ನ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದ. ವೀರಣ್ಣ ಹೆಂಡತಿಯನ್ನು ಒಳಗೆ ಕೂರಿಸಿ ಕೀಲಿ ತಿರುಗಿಸುವುದನ್ನು ಕಲಿಸಿದ.

"ದಿನಾ ಒಂದ್ಸಲ ಎಬ್ಬಿಸ್ಬೇಕು ಮಲ್ಲಿ. ಇಲ್ದಿದ್ರೆ ಬ್ಯಾಟ್ರಿ ಸಾಯ್ತದೆ."

"ಎಷ್ಟೊತ್ತು ಬಿಡ್ಬೇಕು?"

"ಹತ್ತು ಸಲ ಎರಡೂ ಕೈ ಎಣಿಸು. ಶಿವನಿಗೂ ಆಯ್ತು, ಕಾರಿಗೂ ಆಯ್ತು."

ಮಲ್ಲಮ್ಮ ನಂಜನಗೂಡಿನ ಕಡೆಯವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಜಪವೋ ಲೆಕ್ಕವೋ, ಎಲ್ಲ ಬೆರಳಿನ ಗೆರೆಗಳಲ್ಲೇ. ಕಿರುಬೆರಳಿನಿಂದ ಶುರು, ಬೆರಳಿಗೆ ಮೂರು, ಕೈಗೆ ಹನ್ನೆರಡು. ಅಮೆರಿಕದ ಜರ್ಮನ್‌ಟೌನಿಗೆ ಬಂದು ಏಳು ವರ್ಷವಾದರೂ ಅದು ಬದಲಾಗಿರಲಿಲ್ಲ.

ಸಂಜೆ ವೀರಣ್ಣ ಪೆಟ್ರೋಲ್ ಬಂಕಿನ ಅಂಗಡಿಯ ಕೆಲಸ ಮುಗಿಸಿ ಬಂದು ಉಪ್ಪಿಟ್ಟು ತಿಂದ. ಉಪ್ಪು ಕಡಿಮೆ ಎಂದ. ಮರುದಿನ ಮಧ್ಯಾಹ್ನ ಆ ಅಂಗಡಿಗೆ ಒಬ್ಬ ಪಿಸ್ತೂಲು ಹಿಡಿದು ಬಂದ. ವೀರಣ್ಣ ಸತ್ತ. ಹಾಲಿಗೆಂದು ಬಂದಿದ್ದ, ಮೇಲಿನ ಮನೆಯ ಮಕ್ಸೂದಾಳ ಮಗಳು ಝಿಕ್ರಾ ಸತ್ತಳು. ಅವಳಿಗೆ ಒಂಬತ್ತು ವರ್ಷ.

ಪೊಲೀಸರ ಹತ್ತಿರ ಅಂಗಡಿಯ ಕ್ಯಾಮೆರಾದ ಟೇಪ್ ಇತ್ತು. ಶೇಷಾದ್ರಿ ಬೇಡವೆಂದರೂ ಮಲ್ಲಮ್ಮ ನೋಡಿದಳು. ಸದ್ದಿರಲಿಲ್ಲ, ಪಿಸ್ತೂಲಿನ ಬಾಯಲ್ಲಿ ಬೆಳಕು ಮಾತ್ರ. ಹೆಬ್ಬೆರಳು ತಾನಾಗಿ ಎಣಿಸಿತು. ನಾಲ್ಕಕ್ಕೆ ಗಂಡ ಬಿದ್ದ. ಹದಿನಾಲ್ಕಕ್ಕೆ ಝಿಕ್ರಾ. ಹದಿನೇಳಕ್ಕೆ ಪಿಸ್ತೂಲು ಖಾಲಿ. ಗುಂಡು ತುಂಬಿದ ಇನ್ನೊಂದು ಮ್ಯಾಗಝಿನ್ ತೆಗೆಯಲು ಅವನು ಜೇಬಿಗೆ ಕೈ ಹಾಕಿದಾಗ ಲಾರಿ ಡ್ರೈವರೊಬ್ಬ ಮೇಲೆ ಬಿದ್ದು ಹಿಡಿದ.

ಚಳಿಗಾಲದಲ್ಲಿ ರಾಜ್ಯದ ರಾಜಧಾನಿ ಅನಾಪೊಲಿಸ್ಸಿನ ಶಾಸನಸಭೆಗೆ ಒಂದು ಬಿಲ್ ಬಂತು. ಇಪ್ಪತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಝಿನ್ ಮಾರಬಾರದು ಎಂದು. ಬಿಲ್ ಬೇಕೆನ್ನುವವರು ಮಲ್ಲಮ್ಮನನ್ನು ಸಾಕ್ಷಿ ಹೇಳಲು ಕರೆದರು. ಈ ಕಾನೂನು ಇದ್ದಿದ್ದರೆ ನನ್ನ ಗಂಡ ಬದುಕುತ್ತಿದ್ದ ಎಂದು ಶೇಷಾದ್ರಿ ಒಂದು ಹಾಳೆಯಲ್ಲಿ ಬರೆದುಕೊಟ್ಟ.

"ಇದು ಸುಳ್ಳಲ್ವೇನಪ್ಪ?" ಸಭೆಗೆ ಹೋಗುವಾಗ ಅವನ ಕಾರಿನಲ್ಲಿ ಕೇಳಿದಳು. "ನಮ್ಮನೇವ್ರು ನಾಲ್ಕಕ್ಕೇ ಹೋದ್ರು."

"ಪ್ಲೀಸ್ ಆಂಟಿ, ಅದನ್ನ ಅಲ್ಲಿ ಹೇಳ್ಬೇಡಿ. ಆ ಕಡೆಯವ್ರು ಅದನ್ನೇ ಹಿಡ್ಕೋತಾರೆ. ಬಿಲ್ ಬಿದ್ದೋಗತ್ತೆ."

"ಝಿಕ್ರಾನೂ ಇಪ್ಪತ್ತರ ಒಳಗೇ ಹೋದ್ಲಲ್ಲ."

ಶೇಷಾದ್ರಿ ಅನಾಪೊಲಿಸ್ಸಿನ ಕಡೆಗೆ ಕಾರು ತಿರುಗಿಸಿದ.

ಸಭೆಯಲ್ಲಿ ಅವಳಿಗಿಂತ ಮೊದಲು ಬಂದೂಕಿನ ಅಂಗಡಿಯವನೊಬ್ಬ ಮಾತಾಡಿದ. ನನ್ನ ತಂಗಿ ಹೊಲದ ಮನೆಯಲ್ಲಿ ಒಂಟಿ, ಅವಳ ಕೈ ಯಾಕೆ ಕಟ್ಟುತ್ತೀರಿ ಎಂದ. ಮ್ಯಾಗಝಿನ್ ಬದಲಿಸಲು ಎರಡು ಸೆಕೆಂಡು ಸಾಕು, ಕೆಟ್ಟವನು ಎರಡು ತರುತ್ತಾನೆ ಎಂದ. ಶೇಷಾದ್ರಿ ಅವಳ ಕಿವಿಯಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಹೇಳಿದ.

ಮಲ್ಲಮ್ಮ ಹಾಳೆ ಮಡಚಿದಳು. ಬಲಗೈ ಎತ್ತಿ ಉಂಗುರಬೆರಳಿನ ಮೊದಲ ಗೆರೆಗೆ ಹೆಬ್ಬೆರಳಿಟ್ಟಳು.

"ನಾಲ್ಕು. ಇಲ್ಲಿ ನಮ್ಮನೇವ್ರು. ಈ ಕಾನೂನು ಅವ್ರನ್ನ ಉಳಿಸ್ತಿರ್ಲಿಲ್ಲ."

ಇಂಗ್ಲಿಷಿಗೆ ತಿರುಗಿಸಬೇಕಾಗಿದ್ದ ಶೇಷಾದ್ರಿ ಹಿಂಜರಿದ.

"ಹೇಳಪ್ಪ," ಎಂದಳು. ಅವನು ಇಂಗ್ಲಿಷಿನಲ್ಲಿ ಹೇಳಿದ.

"ಹತ್ತು. ಇಲ್ಲಿ ಖಾಲಿ ಆಗಿದ್ರೆ ಮಗು ಉಳೀತಿತ್ತು. ಎರಡು ಸೆಕೆಂಡು ಅಂದ್ರಲ್ಲ ಅವ್ರು, ಅಷ್ಟರಲ್ಲೇ ಲಾರಿಯವನು ಅವನನ್ನ ಹಿಡಿದಿದ್ದು." ಎಣಿಕೆ ಎಡಗೈಗೆ ದಾಟಿ ಕಿರುಬೆರಳಿನ ಎರಡನೇ ಗೆರೆಯಲ್ಲಿ ನಿಂತಿತು. "ಹದಿನಾಲ್ಕು. ಇದು ಝಿಕ್ರಾ. ಇಪ್ಪತ್ತು ಅಂತ ಬರೆದ್ರೆ ಇವಳು ಆಗ್ಲೂ ಸಾಯ್ತಾಳೆ. ಹತ್ತು ಅಂತ ಬರೀರಿ."

ಅಧ್ಯಕ್ಷರು ಮುಂದಿನ ಹೆಸರು ಕರೆದರು. ಏಪ್ರಿಲಿನಲ್ಲಿ ಬಿಲ್ ಪಾಸಾಯಿತು. ಇಪ್ಪತ್ತು ಇಪ್ಪತ್ತಾಗಿಯೇ ಉಳಿಯಿತು.

"ಗೆದ್ವಿ ಆಂಟಿ," ಎಂದ ಶೇಷಾದ್ರಿ.

"ಯಾರಪ್ಪ ಗೆದ್ದಿದ್ದು?"

ಮೇಲೆ ಹೋದಾಗ ಮಕ್ಸೂದಾ ಚಹಾ ಕೊಟ್ಟು, ಎಷ್ಟು ಬರೆದರೆಂದು ಕೇಳಿದಳು. ಮಲ್ಲಮ್ಮ ಹೇಳಿದಳು. ಇಬ್ಬರ ಚಹಾವೂ ಆರಿತು.

ಮಲ್ಲಮ್ಮನಿಗೆ ಇನ್ನೂ ಡ್ರೈವಿಂಗ್ ಬರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿ, ಕೆಳಗಿಳಿದು, ಗಂಡನ ಸೀಟಿನಲ್ಲಿ ಕೂತು ಕೀಲಿ ತಿರುಗಿಸುತ್ತಾಳೆ. ಎಣಿಸುತ್ತಾಳೆ. ಎಡಗೈಯ ಆ ಗೆರೆಗೆ ಬಂದಾಗ ಹೆಬ್ಬೆರಳು ಮುಂದೆ ಹೋಗುವುದಿಲ್ಲ. ಕಾರು ಗುರುಗುಡುತ್ತಲೇ ಇರುತ್ತದೆ. ಮತ್ತೆ ಕಿರುಬೆರಳಿನಿಂದ ಶುರು ಮಾಡುತ್ತಾಳೆ.