ಬೆರಳಕ್ಕನ ಕೈರಜೆ

ಪಿಂಚಣಿ ಕಚೇರಿಯ ಮೆಟ್ಟಿಲ ಮೇಲೆ ಕೂತು, ಮುದುಕಿಯರ ಕೈಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ ಆ ಹೆಂಗಸನ್ನು ನಾನು ಕೈ ನೋಡಿ ಭವಿಷ್ಯ ಹೇಳುವವಳು ಎಂದುಕೊಂಡಿದ್ದೆ. ಮೂಢನಂಬಿಕೆಯ ಮೇಲೊಂದು ಖಾರವಾದ ಲೇಖನಕ್ಕೆ ಶೀರ್ಷಿಕೆಯೂ ಸಿದ್ಧವಾಗಿತ್ತು. ಸದ್ಯ, ಬರೆಯುವ ಮುಂಚೆ ಹೋಗಿ ಕೇಳಿದೆ.

ಆಕೆ ನೋಡುತ್ತಿದ್ದದ್ದು ಹೆಬ್ಬೆರಳ ತುದಿಯನ್ನು. ಓಣಿಯವರಿಗೆಲ್ಲ ಆಕೆ ಬೆರಳಕ್ಕ. ಕೆಲಸ, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು. ವರ್ಷಕ್ಕೊಮ್ಮೆ ಕಚೇರಿಯ ಮೆಷೀನಿನ ಮೇಲೆ ಬೆರಳಿಟ್ಟು ‘ನಾನು ನಾನೇ’ ಎಂದು ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಾತ್ರೆ ಉಜ್ಜಿ ಉಜ್ಜಿ ಗೆರೆ ಸವೆದಿದ್ದ ಆಕೆಯ ಬೆರಳನ್ನು ಮೆಷೀನು ಮೂರು ಸಲ ತಳ್ಳಿಹಾಕಿತ್ತು. ಆಮೇಲೆ ಜ್ವರ ಬಂದು ಹತ್ತು ದಿನ ಮಲಗಿದಳು. ಎದ್ದು ಬಂದು ಬೆರಳಿಟ್ಟರೆ ಹಸಿರು ದೀಪ!

“ಜ್ವರದ ಪುಣ್ಯ ಸಾರ್, ಗೆರೆಯೆಲ್ಲ ವಾಪಸ್ ಬಂತು!”

ಅಂದಿನಿಂದ ಓಣಿಯಲ್ಲಿ ‘ಕೈರಜೆ’ ಶುರು. ಯಾರ ಸರದಿ ಹತ್ತಿರ ಬಂತೋ ಅವರು ಹತ್ತು ದಿನ ಯಾವ ಕೆಲಸಕ್ಕೂ ಕೈ ಹಚ್ಚುವಂತಿಲ್ಲ. ಅವರ ಕೆಲಸವನ್ನು ಉಳಿದವರು ಹಂಚಿಕೊಳ್ಳಬೇಕು.

ನಾನು ಹೋದ ದಿನ ಇಟ್ಟಿಗೆ ಹೊರುವ ಅಜ್ಜಿಯ ಸರದಿ. ಅದೇ ಕಡೆಯ ದಿನ. ತಪ್ಪಿದರೆ ಪಟ್ಟಿಯಿಂದ ಹೆಸರೇ ಔಟು. ನಾನೂ ಹಿಂದೆಯೇ ಒಳಗೆ ಹೋದೆ. ಅಜ್ಜಿ ಬೆರಳಿಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಮತ್ತೂ ಕೆಂಪು.

“ನಮ್ಮ ಮೆಷೀನು ಸುಳ್ಳು ಹೇಳಲ್ಲಮ್ಮ,” ಎಂದರು ಗುಮಾಸ್ತರು, ಅದನ್ನು ತಾವೇ ಹೆತ್ತವರ ಹಾಗೆ.

ಬೆರಳಕ್ಕ ಅಜ್ಜಿಯತ್ತ ತಿರುಗಿದಳು. “ನಿಜ ಹೇಳಜ್ಜಿ, ನಿನ್ನೆ ಏನು ಮಾಡ್ದೆ?”

“ಏನಿಲ್ಲ ಕಣೇ... ಕೂತು ಕೂತು ಬೇಜಾರಾಯ್ತು. ಒಂದೇ ಒಂದು ಬಾಣಲೆ ಉಜ್ಜಿದೆ.”

“ಅಯ್ಯೋ ನಿನ್ನ! ಯಾವ ಕೈಲಿ?”

“ಬಲಗೈಲಿ.”

“ಹಾಗಾದ್ರೆ ಎಡಗೈದು ಇಡು!”

“ಎಡಗೈಯಾ?” ಗುಮಾಸ್ತರು ಬೆಚ್ಚಿದರು.

“ಬೇಡ ಅಂತ ಎಲ್ಲಾದ್ರೂ ಬರೆದಿದ್ಯಾ ಸಾರ್?”

ಗುಮಾಸ್ತರು ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಎಲ್ಲೂ ಬರೆದಿರಲಿಲ್ಲ.

ಅಜ್ಜಿ ಎಡಗೈ ಹೆಬ್ಬೆರಳಿಟ್ಟಳು. ಹಸಿರು! ಸಾಲಿಗೆ ಸಾಲೇ ಹೋ ಎಂದಿತು. “ನಾನೇ ಅಂತ ಒಪ್ಕೊಂತು ಕಣೇ!” ಎಂದು ಅಜ್ಜಿ ತನ್ನ ಹೆಬ್ಬೆರಳಿಗೆ ತಾನೇ ಮುತ್ತಿಟ್ಟಳು. “ನಮ್ಮ ಮೆಷೀನು ಮೊದಲಿಂದ್ಲೂ ಚುರುಕು,” ಎಂದು ಗುಮಾಸ್ತರು ಮೀಸೆ ತೀಡಿದರು.

ಆ ಸಂಭ್ರಮದಲ್ಲಿ ನಾನೂ ಕೈ ಚಾಚಿದೆ. “ಮೂವತ್ತು ವರ್ಷ ಬರೆದೂ ಬರೆದೂ ನನ್ನ ಬೆರಳೂ ಸವೆದಿರಬೇಕು, ಅಲ್ವಾ ಅಕ್ಕ?”

ಬೆರಳಕ್ಕ ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು.

“ನಿಮ್ಮದಕ್ಕೇನಾಗಿದೆ ಸಾರ್? ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಮನೇಲಿ ಒಂದು ಲೋಟಾನೂ ತೊಳೆದಿಲ್ಲ ನೀವು.”